ಮೊದಲು ಹುಳುವನ್ನು ನೋಡೋಣ

ವಿಷಕ್ಕೆ ನಾವು 'ಔಷಧಿ' ಎಂದು ಹೆಸರಿಟ್ಟುಬಿಟ್ಟಿದ್ದೇವೆ. ಜ್ವರ ಬಂದ ಮಗುವಿಗೆ ಕೊಡುವುದೂ ಔಷಧಿ, ಬದನೆ ಗಿಡದ ಬುಡಕ್ಕೆ ಸುರಿಯುವುದೂ ಔಷಧಿ. ಹೆಸರು ಇಷ್ಟು ಸೌಮ್ಯವಾಗಿರುವುದರಿಂದಲೇ ಸುರಿಯುವಾಗ ನಮ್ಮ ಕೈ ಅಳುಕುವುದಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಮಗುವಿಗೆ ಔಷಧಿ ಬರೆಯುವ ಮುನ್ನ ವೈದ್ಯರು ನಾಲಿಗೆ ನೋಡುತ್ತಾರೆ, ನಾಡಿ ನೋಡುತ್ತಾರೆ. ಹಿತ್ತಲಿನ ಗಿಡ ಬಾಡಿದರೆ ಬುಡ ಅಗೆದು ನೋಡುವವರು ಯಾರು? ಯಾರೂ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಒಮ್ಮೆ ಬಾಡಿದ ಟೊಮೇಟೊ ಗಿಡವನ್ನು ಬೇರುಸಮೇತ ಕಿತ್ತು ನಮ್ಮೂರಿನ ಗೊಬ್ಬರದಂಗಡಿಯೊಂದಕ್ಕೆ ಒಯ್ದಿದ್ದೆ. ಬೇರಿನ ತುಂಬ ಗಂಟುಗಳಿದ್ದವು. ಅಂಗಡಿಯವರು ಗಿಡದತ್ತ ಕಣ್ಣೆತ್ತಿಯೂ ನೋಡಲಿಲ್ಲ. "ಮನೆ ಗಿಡಕ್ಕೇನಮ್ಮಾ? ಒಂದು ಹಿಡಿ ಈ ಹರಳು ಹಾಕಿ, ಎಲ್ಲಾ ಹುಳಾನೂ ಸಾಯುತ್ತೆ" ಎಂದು ಹಳೇ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟತೊಡಗಿದರು. ಇದರ ಹೆಸರೇನು ಎಂದು ಕೇಳಿದೆ. "ಹೆಸರು ಕಟ್ಟಿಕೊಂಡು ನಿಮಗೇನಮ್ಮಾ ಆಗಬೇಕು?" ಎಂದರು. ಪೊಟ್ಟಣವನ್ನು ಅಲ್ಲೇ ಬಿಟ್ಟು ಬಂದೆ.

ಹೆಸರಿನಿಂದ ನಮಗೆ ಆಗಬೇಕಾದದ್ದು ಬಹಳ ಇದೆ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ವಿಷದ ಡಬ್ಬಿಯ ಮೇಲೆ ಚೀಟಿ ಇರಬೇಕು. ಚೀಟಿಯ ಮೇಲೆ ಬಣ್ಣದ ಗುರುತು ಇರಬೇಕು. ಕೆಂಪಾದರೆ ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು. ಪತ್ರಿಕೆಯ ಪೊಟ್ಟಣಕ್ಕೆ ಯಾವ ಬಣ್ಣವೂ ಇಲ್ಲ. ಇರುವೆಗೆಂದು ನಮ್ಮ ತಾಯಂದಿರು ಗೋಡೆಯ ಬುಡಕ್ಕೆ ಗೆರೆ ಎಳೆಯುತ್ತಿದ್ದ ಬಿ.ಎಚ್.ಸಿ. ಪುಡಿ 1997ರಲ್ಲಿ ನಿಷೇಧವಾಯಿತು. ಮಣ್ಣಿನ ಹುಳುವಿಗೆಂದು ಊರೂರಲ್ಲಿ ಮಾರುತ್ತಿದ್ದ ಫೋರೇಟ್ ಹರಳು 2020ರ ಡಿಸೆಂಬರ್ 31ರಿಂದ ನಿಷೇಧವಾಯಿತು. ನಿಷೇಧದ ಹಿಂದಿನ ದಿನದವರೆಗೂ ಅವೆಲ್ಲ 'ಔಷಧಿ'ಗಳೇ ಆಗಿದ್ದವು! ಇಂದು ಅಂಗಡಿಯಲ್ಲಿರುವುದರ ಪೈಕಿ ನಾಳೆ ಯಾವುದು ನಿಷೇಧವಾಗುತ್ತದೋ ಬಲ್ಲವರಾರು?

ಇಂಥ ಹರಳುಗಳು ಕೆಲಸ ಮಾಡುವ ರೀತಿಯನ್ನಾದರೂ ತಿಳಿಯೋಣ. ಫೋರೇಟ್ ಜಾತಿಯ ವಿಷ ಒದ್ದೆ ಮಣ್ಣಿನಲ್ಲಿ ಕರಗಿ, ಬೇರಿನ ಮೂಲಕ ಗಿಡದೊಳಕ್ಕೆ ಏರುತ್ತದೆ. ಎಲೆಯ ರಸ ಹೀರುವ ಹುಳು ಸಾಯುವುದು ಅದರಿಂದಲೇ. ಅಂದರೆ ಗಿಡವೇ ವಿಷವಾಗಿರುತ್ತದೆ. ಸೊಪ್ಪನ್ನು ಉಪ್ಪುನೀರಿನಲ್ಲಿ ಎಷ್ಟು ಸಲ ತೊಳೆದರೇನು, ವಿಷ ಇರುವುದು ಎಲೆಯ ಮೇಲಲ್ಲ, ಒಳಗೆ. ವಿಷ ಹಾಕಿದ ಮೇಲೆ ಇಷ್ಟು ದಿನ ಬಿಟ್ಟು ಕೊಯ್ಯಬೇಕೆಂಬ ನಿಯಮ ಹೊಲಕ್ಕೆ ಇದೆ. ಹಿತ್ತಲಲ್ಲಿ ಅದನ್ನು ಪಾಲಿಸುವುದು ಹೇಗೆ? ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಓಡಿ ಹೋಗಿ ನಾಲ್ಕು ಎಸಳು ಕೊತ್ತಂಬರಿ ಚಿವುಟಿಕೊಂಡು ಬರುವವರು ನಾವು. ಅಕ್ಕಿಯಲ್ಲಿ ಒಂದು ಕಲ್ಲು ಉಳಿಯಬಾರದೆಂದು ಕಣ್ಣು ಕೀಳಿಸಿಕೊಂಡು ಆರಿಸುವ ನಾವೇ ಈ ಹರಳನ್ನು ಕಣ್ಣುಮುಚ್ಚಿ ಹಾಕಬೇಕೇ?

ಹಾಗಾದರೆ ಹುಳು ತಿನ್ನಲೆಂದು ಬಿಡಬೇಕೇ ಎಂದು ಕೇಳುತ್ತೀರಿ. ಖಂಡಿತ ಬೇಡ. ಆದರೆ ತಿನ್ನುತ್ತಿರುವುದು ಯಾರು ಎಂದು ಮೊದಲು ನೋಡಿ.

ಸಂಜೆ ನೆಟ್ಟಗಿದ್ದ ಎಳೆ ಸಸಿ ಬೆಳಿಗ್ಗೆ ಕತ್ತರಿಯಲ್ಲಿ ಕತ್ತರಿಸಿದಂತೆ ನೆಲಕ್ಕೆ ಬಿದ್ದಿದ್ದರೆ ಅದು ಕಾಂಡ ಕತ್ತರಿಸುವ ಹುಳುವಿನ ಕೆಲಸ. ಕಳ್ಳ ದೂರ ಹೋಗಿರುವುದಿಲ್ಲ. ಬಿದ್ದ ಸಸಿಯ ಸುತ್ತ ಒಂದೆರಡು ಅಂಗುಲ ಮಣ್ಣು ಕೆದಕಿದರೆ ಮಣ್ಣಿನ ಬಣ್ಣದ ಹುಳು ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಒಂದೇ ಹುಳು ರಾತ್ರಿಗೆ ಹಲವು ಸಸಿ ಉರುಳಿಸುತ್ತದೆ, ಆದ್ದರಿಂದ ಒಂದನ್ನು ಹಿಡಿದರೂ ಪಾತಿ ಉಳಿಯುತ್ತದೆ. ನೆಡುವಾಗಲೇ ಸಸಿಯ ಬುಡಕ್ಕೆ ದಪ್ಪ ಕಾಗದದ ಕೊರಳಪಟ್ಟಿ ಕಟ್ಟಿ, ಅದರ ಅಂಚನ್ನು ಅರ್ಧ ಅಂಗುಲ ಮಣ್ಣಿನೊಳಗೆ ಹೂತರೆ ಹುಳು ಹತ್ತಿರ ಸುಳಿಯದು.

ಗಿಡ ಹಳದಿಯಾಗಿ, ಮೆಲ್ಲನೆ ಎಳೆದರೆ ಬೇರಿಲ್ಲದೆ ಕೈಗೇ ಬಂದರೆ ಅದು ಗೊಣ್ಣೆ ಹುಳು. ನಮ್ಮ ಅಡಿಕೆ ತೋಟದವರು ಬೇರುಹುಳು ಎಂದು ಗೋಳಾಡುವುದು ಇದರ ಬಳಗವನ್ನೇ. ಬಿಳಿ ಮೈ, ಕಂದು ತಲೆ, ಮುದುರಿ ಮಲಗುವ ಭಂಗಿ. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಸಂಜೆ ಇದರ ದುಂಬಿಗಳು ನೆಲದಿಂದೆದ್ದು ಬೇವಿನಂಥ ಮರಗಳಿಗೆ ಮುತ್ತುತ್ತವೆ. ಕೊಂಬೆ ಅಲುಗಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದೇ ಸರಿಯಾದ ಕಾಲದ ಸರಿಯಾದ ಕೆಲಸ. ಅರೆ ಕೊಳೆತ ಸಗಣಿ ಗೊಬ್ಬರ ಹಾಕುವುದೆಂದರೆ ಇವುಗಳಿಗೆ ಊಟವಿಟ್ಟು ಕರೆದ ಹಾಗೆ. ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿ.

ಹಾಗೆಂದು ಬಿಳಿ ಹುಳುಗಳೆಲ್ಲ ವೈರಿಗಳಲ್ಲ. ಎಲೆಗೊಬ್ಬರದಲ್ಲಿ ಸಿಕ್ಕ ಹುಳುವನ್ನು ನೆಲದ ಮೇಲೆ ಬಿಡಿ. ಕಾಲು ಮೇಲೆ ಮಾಡಿ ಬೆನ್ನ ಮೇಲೆ ತೆವಳಿದರೆ ಅದು ಕೊಳೆತದ್ದನ್ನು ತಿಂದು ಗೊಬ್ಬರ ಮಾಡುವ ಜಾತಿ, ಬೇರಿನ ಗೊಡವೆಗೆ ಹೋಗದು. ಗೊಬ್ಬರಗುಂಡಿಯ ಹೆಬ್ಬೆರಳು ಗಾತ್ರದ ಹುಳು ಬಹುಮಟ್ಟಿಗೆ ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿ. ತರಕಾರಿಗೆ ಅದರಿಂದ ಭಯವಿಲ್ಲ, ಹಿತ್ತಲಲ್ಲಿ ತೆಂಗಿದ್ದರೆ ಮಾತ್ರ ಹೆಕ್ಕಿ ಕೋಳಿಗೆ ಹಾಕಿ. ಕೊಳೆತ ಎಲೆ ಮೇಯುವ ಚೋರಟೆಯನ್ನೂ ಸುಮ್ಮನೆ ಬಿಡಬಹುದು.

ಬೇರಿನ ಗಂಟಿನಲ್ಲೂ ಎರಡು ಬಗೆ. ಹುರುಳಿಕಾಯಿ, ಅಲಸಂದೆ ಬೇರಿನ ಗಂಟನ್ನು ಉಗುರಿನಿಂದ ಎಬ್ಬಿಸಿದರೆ ಸಲೀಸಾಗಿ ಕಳಚುತ್ತದೆ, ಒಳಗೆ ನಸುಗೆಂಪು. ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಗಂಟು, ಭಾಗ್ಯದ ಗಂಟು! ಟೊಮೇಟೊ, ಬದನೆ, ಬೆಂಡೆಯಲ್ಲಿ ಬೇರೇ ಊದಿಕೊಂಡು, ಬಿಡಿಸಲು ಬಾರದಂತಿದ್ದರೆ ಅದು ಕಣ್ಣಿಗೆ ಕಾಣದ ಜಂತುಹುಳುವಿನ ಗಂಟು. ಅಂಥ ಗಿಡವನ್ನು ಬೇರುಸಮೇತ ಕಿತ್ತು ಸುಡಿ. ಏಪ್ರಿಲ್–ಮೇ ಬಿಸಿಲಿನಲ್ಲಿ ಪಾತಿಗೆ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಮುಂದಿನ ಬೆಳೆಗೆ ಒತ್ತಾಗಿ ಚೆಂಡುಹೂ ಹಾಕಿ. ತರಕಾರಿ ನೆಡುವಾಗ ಗುಳಿಗೊಂದು ಹಿಡಿ ಬೇವಿನ ಹಿಂಡಿ ಕೊಡಿ.

ಗೆದ್ದಲಿನ ಮೇಲೂ ಸುಮ್ಮಸುಮ್ಮನೆ ಅಪವಾದ ಬರುತ್ತದೆ. ನೀರಿಲ್ಲದೆ ಸೊರಗಿದ ಗಿಡಕ್ಕೆ ಅದು ಬರುವುದು ಹೆಚ್ಚು. ಬುಡದಲ್ಲಿ ಒಣಕಡ್ಡಿ, ಹುಲ್ಲು ಬಿಡದೆ ನೀರು ಕೊಟ್ಟರೆ ಅರ್ಧ ಕಾಟ ತಗ್ಗುತ್ತದೆ.

ಇನ್ನು ಹಸಿರಾಗಿದ್ದಂತೆಯೇ ಬದನೆ, ಟೊಮೇಟೊ ಎರಡು ಮೂರು ದಿನದಲ್ಲಿ ಜೋತುಬಿದ್ದರೆ ಹುಳುವನ್ನೇ ಹುಡುಕಬೇಡಿ. ಬುಡದ ಕಾಂಡ ಕೊಯ್ದು, ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯದ ಸೊರಗು ರೋಗ. ಲೋಕದ ಯಾವ ಹುಳುವಿನ ಪುಡಿಯೂ ಇದಕ್ಕೆ ಮದ್ದಲ್ಲ. ಈ ರೋಗಕ್ಕೂ ಒಂದು ಹಿಡಿ ಹರಳು ಹಾಕುವವರಿದ್ದಾರೆ!

ಇಷ್ಟೆಲ್ಲ ನೋಡುತ್ತ ಕೂರಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಬರುತ್ತದೆ. ಎಕರೆಗಟ್ಟಲೆ ಬೆಳೆದು ಸಾಲ ತೀರಿಸಬೇಕಾದ ರೈತರಿಗೆ ನಾನು ಉಪದೇಶ ಮಾಡುತ್ತಿಲ್ಲ, ಅವರ ಕಷ್ಟ ಬೇರೆ. ನಮ್ಮಲ್ಲಿರುವುದು ಇಪ್ಪತ್ತು ಗಿಡ. ನಾಲ್ಕು ಬೆಂಡೆಗಿಡ ಹೋದರೆ ಸಂಸಾರ ಮುಳುಗದು. ಅದಕ್ಕಾಗಿ ಮಣ್ಣಿಗೇ ವಿಷ ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಎರೆಹುಳು ಸತ್ತ ಪಾತಿ ಮತ್ತೆ ಚೇತರಿಸಿಕೊಳ್ಳಲು ಎಷ್ಟು ಕಾಲ ಬೇಕು! ಮನೆಮದ್ದೆಂದ ಮಾತ್ರಕ್ಕೆ ನಂಬಲೂಬೇಡಿ. ತಂಬಾಕಿನ ಕಷಾಯವೂ ವಿಷವೇ.

ಹೆಂಗಸರ ಕೈತೋಟವೆಂದರೆ ಹೊತ್ತು ಹೋಗದ್ದಕ್ಕೆ ಮಾಡುವ ಹವ್ಯಾಸ ಎಂಬ ತಾತ್ಸಾರವೇ ಎಲ್ಲದರ ಮೂಲ. ಅದಕ್ಕೇ ನಮ್ಮ ಗಿಡವನ್ನು ಯಾರೂ ತಿರುಗಿಸಿ ನೋಡುವುದಿಲ್ಲ, ನಾವೂ ಕೇಳುವುದಿಲ್ಲ. ಕೇಳಬೇಕು. ತೋಟಗಾರಿಕೆ ಇಲಾಖೆಯ ಕಚೇರಿಗೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಬಾಡಿದ ಗಿಡವನ್ನು ಬೇರುಸಮೇತ ಒಯ್ದು ಮೇಜಿನ ಮೇಲಿಡಬೇಕು. ಅಂಗಡಿಯಲ್ಲಿ ಹೆಸರು ಕೇಳಬೇಕು, ಬಣ್ಣ ಕೇಳಬೇಕು. ಹೇಳದಿದ್ದರೆ ಕೊಳ್ಳಬಾರದು. ಅದಕ್ಕೂ ಮೊದಲು ಒಂದು ಸಣ್ಣ ಗುದ್ದಲಿ ಹಿಡಿದು ನಾವೇ ಬುಡ ಅಗೆದು ನೋಡಬೇಕು. ಆ ಮಣ್ಣಿನಿಂದ ಬಂದದ್ದು ನಮ್ಮ ಮಕ್ಕಳ ತಟ್ಟೆಗೆ ಬೀಳುತ್ತದೆ. ಅದಕ್ಕೆ ಏನು ಹಾಕಬೇಕೆಂದು ನಿರ್ಧರಿಸುವ ಕೆಲಸವನ್ನು ಗಿಡವನ್ನೇ ನೋಡದವರ ಕೈಗೆ ಕೊಡುವುದು ಬೇಡ.