ಹಕ್ಕಿ ನೋಡುವ ಹಕ್ಕು

ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಅಮೆರಿಕದಲ್ಲಿ ಸರಕಾರಿ ರಜೆ. ಕೆಲವರಿಗೆ ಅದು ಕೊಲಂಬಸ್ ದಿನ, ಕೆಲವರಿಗೆ ಮೂಲನಿವಾಸಿಗಳ ದಿನ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅಂದು ಬೆಳಗಾಗುತ್ತಲೇ ಕೊರಳಿಗೆ ದುರ್ಬೀನು ಹಾಕಿಕೊಂಡವರು ಕಾಣಸಿಗುತ್ತಾರೆ. ಅಟ್ಲಾಂಟಿಕ್ ಕರಾವಳಿಯಗುಂಟ ರಾತ್ರಿಯೆಲ್ಲ ದಕ್ಷಿಣದತ್ತ ಹಾರಿ ಬಂದ ಹಕ್ಕಿಗಳಿಗೆ ಕಾಂಕ್ರೀಟಿನ ನಡುವಣ ಈ 843 ಎಕರೆ ಹಸಿರೇ ತಂಗುದಾಣ. ರ್ಯಾಂಬಲ್ ಎಂಬ ಪುಟ್ಟ ಕಾಡಿನಲ್ಲಿ ಬಿಳಿಗೊರಳಿನ ಗುಬ್ಬಿಗಳು ತರಗೆಲೆ ಕೆದಕಿ ಆಹಾರ ಹುಡುಕುತ್ತವೆ. ಅವುಗಳನ್ನು ನೋಡುತ್ತ ನಿಲ್ಲುವವರಲ್ಲಿ ವಲಸೆ ಬಂದ ಕನ್ನಡಿಗರೂ ಇದ್ದಾರೆ. ಅದು ಸಂತೋಷದ ಸಂಗತಿಯೇ.

ಆದರೆ ಮರದ ಕೆಳಗೆ ಅರ್ಧ ಗಂಟೆ ಸುಮ್ಮನೆ ನಿಲ್ಲುವ ಸ್ವಾತಂತ್ರ್ಯ ಎಲ್ಲರಿಗೂ ಸಮಾನವಾಗಿ ದಕ್ಕಿಲ್ಲ. 2020ರ ಮೇ 25ರಂದು ಇದೇ ರ್ಯಾಂಬಲ್‌ನಲ್ಲಿ ಹಕ್ಕಿ ನೋಡಲು ಬಂದಿದ್ದ ಕಪ್ಪು ಅಮೆರಿಕನ್ ಕ್ರಿಶ್ಚಿಯನ್ ಕೂಪರ್, ನಾಯಿಗೆ ಹಗ್ಗ ಹಾಕುವಂತೆ ಬಿಳಿಯ ಮಹಿಳೆಯೊಬ್ಬರನ್ನು ಕೇಳಿದರು. ಅಲ್ಲಿನ ನಿಯಮವೂ ಅದೇ. ಆಕೆ ಪೊಲೀಸರಿಗೆ ಕರೆ ಮಾಡಿ, ಆಫ್ರಿಕನ್ ಅಮೆರಿಕನ್ ಗಂಡಸೊಬ್ಬ ತನಗೆ ಬೆದರಿಕೆ ಹಾಕುತ್ತಿದ್ದಾನೆ ಎಂದರು. ಅದೇ ದಿನ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಪ್ರಾಣಬಿಟ್ಟರು. ಆ ಕರೆ ಎಲ್ಲಿಗೆ ಒಯ್ಯಬಹುದಿತ್ತು ಎಂಬುದನ್ನು ವಿವರಿಸಬೇಕಿಲ್ಲ.

ಉದ್ಯಾನದ ನೆಲದ ಚರಿತ್ರೆಯೂ ಇದಕ್ಕಿಂತ ಭಿನ್ನವಲ್ಲ. ಅದರ ಪಶ್ಚಿಮ ಅಂಚಿನಲ್ಲಿದ್ದ ಸೆನೆಕಾ ವಿಲೇಜ್, 1825ರಿಂದ ಕಪ್ಪು ಜನರು ಸ್ವಂತ ಮನೆ, ಚರ್ಚು, ಶಾಲೆಗಳನ್ನು ಕಟ್ಟಿಕೊಂಡು ಬೆಳೆಸಿದ ಊರು. ನ್ಯೂಯಾರ್ಕ್ ರಾಜ್ಯದ 1821ರ ಸಂವಿಧಾನದಂತೆ ಕಪ್ಪು ಗಂಡಸು ಮತ ಹಾಕಬೇಕಿದ್ದರೆ 250 ಡಾಲರ್ ಬೆಲೆಯ ಆಸ್ತಿ ಹೊಂದಿರಬೇಕಿತ್ತು. ಹಾಗಾಗಿ ಅಲ್ಲಿನ ತುಂಡು ಭೂಮಿ ಎಂದರೆ ಪೌರತ್ವದತ್ತ ಒಂದು ಹೆಜ್ಜೆ. 1857ರ ಹೊತ್ತಿಗೆ ನಗರಾಡಳಿತ ಉದ್ಯಾನಕ್ಕಾಗಿ ಊರನ್ನೇ ತೆರವುಗೊಳಿಸಿತು. ಭೂಮಾಲೀಕರಿಗೆ ಪರಿಹಾರವೇನೋ ಸಿಕ್ಕಿತು. ಚದುರಿದ ಊರು ಮತ್ತೆ ಕೂಡಲಿಲ್ಲ.

ಅಮೆರಿಕದ ಈ ಅನ್ಯಾಯವನ್ನು ಖಂಡಿಸುವುದು ಅನಿವಾಸಿ ಕನ್ನಡಿಗರಿಗೆ ಕಷ್ಟವಲ್ಲ. ತಮ್ಮ ನಾಡಿನಲ್ಲಿ ಹಕ್ಕಿಯ ಹೆಸರನ್ನೇ ಹೊತ್ತ ಸಮುದಾಯವೊಂದಿದೆ ಎಂಬುದನ್ನು ನೆನೆಯುವುದು ಕಷ್ಟ. ಹಕ್ಕಿಪಿಕ್ಕಿಗಳು ತಲೆಮಾರುಗಳಿಂದ ಬೇಟೆಯಾಡಿ, ಹಕ್ಕಿ ಹಿಡಿದು ಬದುಕಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವರ ಕಸುಬನ್ನು ಅಪರಾಧವಾಗಿಸಿತು. ಹಕ್ಕಿಗಳಿಗೆ ಕಾನೂನಿನ ರಕ್ಷಣೆ ಬೇಕೇ ಬೇಕಿತ್ತು. ಅದರ ಬೆಲೆ ತೆರುವ ಹೊಣೆ ಮಾತ್ರ ಅತ್ಯಂತ ಬಡವರ ಹೆಗಲೇರಿತು. ಯಾವ ಹಕ್ಕಿ ಎಲ್ಲಿ ಇಳಿಯುತ್ತದೆ, ಯಾವಾಗ ಕೂಗುತ್ತದೆ ಎಂಬ ಅರಿವು ದುರ್ಬೀನು ಹಿಡಿದವರಲ್ಲಿದ್ದರೆ ವಿಜ್ಞಾನ. ಬಲೆ ಹಿಡಿದಿದ್ದವರಲ್ಲಿದ್ದರೆ ಅನುಮಾನಕ್ಕೆ ಕಾರಣ.

2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ, ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ಹಕ್ಕಿಪಿಕ್ಕಿಗಳು ಅಲ್ಲಿ ಸಿಲುಕಿದ್ದು ಸುದ್ದಿಯಾಯಿತು. ಹೊಟ್ಟೆಪಾಡಿಗಾಗಿ ಕಡಲು ದಾಟಿದ ಅವರೂ ಕರ್ನಾಟಕದ ವಲಸಿಗರೇ. ಆದರೆ ‘ಅನಿವಾಸಿ ಕನ್ನಡಿಗ’ ಎಂದೊಡನೆ ಕಣ್ಣ ಮುಂದೆ ಬರುವುದು ಅವರ ಮುಖವಲ್ಲ.

ಇದರರ್ಥ ರಜೆಯ ದಿನದ ಸಂತೋಷವನ್ನು ಬಿಟ್ಟುಕೊಡಬೇಕೆಂದಲ್ಲ. ಆ ಸಂತೋಷ ಕೆಲವರ ಸವಲತ್ತಾಗಿ ಉಳಿಯಬಾರದು ಎಂದಷ್ಟೇ. ತವರಿನ ಕಾಡು, ಕೆರೆಗಳ ಸಂರಕ್ಷಣೆಗೆಂದು ದೇಣಿಗೆ ಕೊಡುವ ಅನಿವಾಸಿಗಳು ಆ ಸಂಸ್ಥೆಗಳನ್ನು ಕೇಳಬೇಕಾದ ನೇರ ಪ್ರಶ್ನೆಗಳಿವೆ: ಹಕ್ಕಿಗಣತಿಯಲ್ಲಿ, ಮಾರ್ಗದರ್ಶನದಲ್ಲಿ, ಆಡಳಿತ ಮಂಡಳಿಯಲ್ಲಿ ಹಕ್ಕಿಪಿಕ್ಕಿಗಳು ಎಷ್ಟು ಮಂದಿ ಇದ್ದಾರೆ? ಅವರಿಗೆ ಸಂಬಳ ಎಷ್ಟು? ಇದಕ್ಕೆ ಉತ್ತರ ಸಿಗುವವರೆಗೆ ಹಕ್ಕಿ ಪ್ರೀತಿಯೆಂಬುದು ಅರ್ಧ ಪ್ರೀತಿಯಾಗಿಯೇ ಉಳಿಯುತ್ತದೆ.