ಧಾರಣೆ ಸರ್ಕಾರದ ಕಂಪ್ಯೂಟರ್‌ನಲ್ಲಿದೆ, ಊರಿಗೆ ಬರೋದು ಯಾವಾಗ?

ಮೆಕ್ಕೆಜೋಳ ಒಣಗಿಸಿ ಚೀಲ ತುಂಬಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇವತ್ತು ರೇಟ್ ಎಷ್ಟೈತಿ?’ ಉತ್ತರ ಹೇಳುವವನು ಹೆಚ್ಚಾಗಿ ಮನೆ ಮುಂದೆ ಲಾರಿ ನಿಲ್ಲಿಸಿದ ವ್ಯಾಪಾರಿ. ಕೊಳ್ಳುವವನೇ ಬೆಲೆ ಹೇಳಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ನಿಮಗೆ ನಾವು ಹೇಳಬೇಕಿಲ್ಲ.

ಪತ್ರಿಕೆಗೆ ಬರೆಯುವ ನಮ್ಮದೂ ತಪ್ಪಿದೆ. ಎಪಿಎಂಸಿಗೆ ಫೋನ್ ಮಾಡಿ, ಗರಿಷ್ಠ ಧಾರಣೆ ಕೇಳಿ, ಅದನ್ನೇ ತಲೆಬರಹ ಮಾಡಿ ಕಳಿಸಿದ್ದೇವೆ. ಆ ಬೆಲೆ ಎಷ್ಟು ಚೀಲಕ್ಕೆ ಸಿಕ್ಕಿತು ಎಂದು ಕೇಳಲೇ ಇಲ್ಲ.

ಲೆಕ್ಕ ಸರ್ಕಾರದ ಬಳಿ ಇದೆ. 2000ದಲ್ಲಿ ಶುರುವಾದ ಅಗ್‌ಮಾರ್ಕ್‌ನೆಟ್‌ಗೆ ದೇಶದ ಮಾರುಕಟ್ಟೆಗಳಿಂದ ಧಾರಣೆ ಹೋಗುತ್ತದೆ. ಒಂದು ಬೆಳೆಗೆ ಅಲ್ಲಿ ಮೂರು ಬೆಲೆ: ಕನಿಷ್ಠ, ಗರಿಷ್ಠ, ಮಾದರಿ. ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಅದು ಮಾದರಿ. ರೈತ ಕೇಳಬೇಕಾದದ್ದು ಇದನ್ನೇ.

ಸಾರ್ವಜನಿಕ ಹಣದಲ್ಲಿ ಕೂಡಿಸಿದ ಮಾಹಿತಿ ಜನರಿಗೆ ಸಿಗಬೇಕು ಎಂದು ಕೇಂದ್ರ ಸರ್ಕಾರ 2012ರಲ್ಲಿ ನೀತಿ ಮಾಡಿತು. ಅದರಂತೆ ಬಂದ ಡೇಟಾ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮಾರುಕಟ್ಟೆ ಧಾರಣೆಯ ಎಪಿಐ ಇದೆ. ಎಪಿಐ ಅಂದರೆ ಕಚೇರಿಯ ಕಿಟಕಿ ಇದ್ದ ಹಾಗೆ. ಪಹಣಿಗೆ ನೀವು ದಾಖಲೆ ಕೋಣೆಗೆ ನುಗ್ಗುವುದಿಲ್ಲ, ಕಿಟಕಿಯಲ್ಲಿ ಸರ್ವೆ ನಂಬರ್ ಕೊಡುತ್ತೀರಿ, ಕಾಗದ ಬರುತ್ತದೆ. ಇಲ್ಲಿ ಆ ಕೆಲಸ ಮಾಡುವುದು ಪ್ರೋಗ್ರಾಂ. ಹೆಸರು ನೋಂದಾಯಿಸಿ ಕೀ ಪಡೆದರೆ ಯಾರಾದರೂ ಕೇಳಬಹುದು.

ನಾವು ಮೂವರು ಗೆಳೆಯರು ಇದನ್ನು ಪ್ರಯತ್ನಿಸಿದೆವು. ದಿನಾ ಸಂಜೆ ಧಾರಣೆ ತಂದು, ಕನ್ನಡದಲ್ಲಿ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕುವುದು. ಪ್ರೋಗ್ರಾಂ ಇಟ್ಟದ್ದು ಕ್ಲೌಡ್‌ನಲ್ಲಿ. ಕ್ಲೌಡ್ ಅಂದರೆ ಆಕಾಶದ ಮೋಡವಲ್ಲ. ಕಂಪನಿಯೊಂದು ದೊಡ್ಡ ಕಟ್ಟಡದಲ್ಲಿ ಸಾಲಾಗಿ ಇಟ್ಟಿರುವ, ಬಾಡಿಗೆಗೆ ಸಿಗುವ ಕಂಪ್ಯೂಟರ್. ನಮ್ಮೂರಲ್ಲಿ ಕರೆಂಟ್ ಹೋದರೂ ಅದು ನಡೆಯುತ್ತದೆ.

ಎರಡು ಪೆಟ್ಟು ಬಿತ್ತು. ಒಂದು ದಿನ ಮಾರುಕಟ್ಟೆಯಿಂದ ಹೊಸ ಧಾರಣೆ ಬಂದಿರಲಿಲ್ಲ. ನಮ್ಮ ಪ್ರೋಗ್ರಾಂ ಹಿಂದಿನ ದಿನದ್ದನ್ನೇ ಕಳಿಸಿತು. ತಾರೀಖು ಹಾಕಬೇಕೆಂದು ನಮಗೆ ಹೊಳೆದಿರಲಿಲ್ಲ. ಅದನ್ನು ನಂಬಿದ ರೈತರೊಬ್ಬರು ಟ್ರ್ಯಾಕ್ಟರ್ ತುಂಬಿಸಿಕೊಂಡು ಹೋಗಿ, ಕಡಿಮೆ ಬೆಲೆಗೆ ಕೊಟ್ಟು ಬಂದರು. ಇನ್ನೊಂದು, ಕ್ಲೌಡ್‌ನ ಉಚಿತ ಅವಧಿ ಮುಗಿದದ್ದು. ಗೆಳೆಯನ ಕಾರ್ಡಿನಿಂದ ಹಣ ಕಡಿತವಾದ ಮೇಲೆಯೇ ಗೊತ್ತಾಯಿತು. ಖರ್ಚು ಇಷ್ಟು ದಾಟಿದರೆ ತಿಳಿಸು ಎಂದು ಮೊದಲೇ ಹೇಳಿಡುವ ಸೌಲಭ್ಯವಿತ್ತು, ನಾವು ನೋಡಿರಲಿಲ್ಲ. ಸೇವೆ ನಿಲ್ಲಿಸಿದೆವು. ‘ಯಾಕ್ರೀ ಸಾರ್, ರೇಟ್ ಬರ್ತಿಲ್ಲ?’ ಎಂದು ಜನ ಈಗಲೂ ಕೇಳುತ್ತಾರೆ.

ಕಿಟಕಿ ತೆರೆದರೆ ಸಾಲದು, ಒಳಗೆ ಕಾಗದ ಇರಬೇಕು. ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಹರಾಜು ಮುಗಿದ ದಿನವೇ ಪ್ರತಿ ಎಪಿಎಂಸಿ ಧಾರಣೆ ತುಂಬಲಿ, ವಹಿವಾಟು ಇಲ್ಲದಿದ್ದರೆ ‘ಇಲ್ಲ’ ಎಂದಾದರೂ ಬರೆಯಲಿ. ಬೆಳೆ ಮತ್ತು ಊರಿನ ಹೆಸರು ಇಂಗ್ಲಿಷ್ ಜೊತೆ ಕನ್ನಡದಲ್ಲೂ ಬರಲಿ. ಇಂಥ ಸೇವೆ ಮಾಡುವ ಜಿಲ್ಲೆಯ ಕಾಲೇಜು ಹುಡುಗರಿಗೆ ಸರ್ಕಾರದ ಸರ್ವರ್‌ನಲ್ಲಿ ಸ್ವಲ್ಪ ಜಾಗ ಕೊಡಲಿ. ಧಾರಣೆ ಕಳಿಸುವ ಪ್ರೋಗ್ರಾಂಗೆ ದೊಡ್ಡ ಯಂತ್ರವೇನೂ ಬೇಡ.

ಆಪ್ ಇದ್ದರೆ ಸಾಕಲ್ಲ ಎನ್ನಬಹುದು. ಆಪ್ ಮಾಡಿದವರು ತೋರಿಸಿದಷ್ಟೇ ಅದರಲ್ಲಿ ಕಾಣುತ್ತದೆ. ಎಪಿಐ ಇದ್ದರೆ ನಮ್ಮ ತಾಲೂಕಿಗೆ ಬೇಕಾದ್ದನ್ನು ನಾವೇ ಮಾಡಿಕೊಳ್ಳಬಹುದು. ಓದು ಬಾರದವರಿಗೆ ಧ್ವನಿಯಲ್ಲೂ ಕಳಿಸಬಹುದು.

ಅಲ್ಲಿಯವರೆಗೆ ನೀವು ಒಂದು ಕೆಲಸ ಮಾಡಿ. ವ್ಯಾಪಾರಿ ಧಾರಣೆ ಹೇಳಿದಾಗ ‘ಇದು ಯಾವ ತಾರೀಖಿನದು, ಮಾದರಿ ಬೆಲೆ ಎಷ್ಟು?’ ಎಂದು ಕೇಳಿ. ನಾವೂ ಇನ್ನು ಮುಂದೆ ಸುದ್ದಿಯಲ್ಲಿ ಮೂರೂ ಬೆಲೆ ಬರೆಯುತ್ತೇವೆ, ತಾರೀಖಿನ ಸಮೇತ.