ಎದುರು ವೇಷದ ಮಾತು ಕೇಳಿಸಿಕೊಳ್ಳುವ ಪಾಠ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ಒಬ್ಬನ ಮನೆಮಾತು ತುಳು, ಪಕ್ಕದವಳದ್ದು ಬ್ಯಾರಿ, ಹಿಂದೆ ಕೂತವರದ್ದು ಕೊಂಕಣಿ. ಪುಸ್ತಕ ಮಾತ್ರ ಕನ್ನಡದ್ದು. ಇಂಥ ಮಕ್ಕಳು ಒಬ್ಬರಿಗೊಬ್ಬರು ಹತ್ತಿರವಾಗುವುದು ಪಾಠ ಕೇಳುವಾಗಲ್ಲ, ಲಗೋರಿ ಆಡುವಾಗ, ಕೈತೋಟಕ್ಕೆ ನೀರು ಹೊರುವಾಗ. ಆಟಿ ತಿಂಗಳ ಮಳೆಗೆ, ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆ ಮುಂದೆ ಕೂತ ಮಗು ಎದುರಿನವರ ಸರದಿ ಮುಗಿಯುವವರೆಗೆ ಕೈಕಟ್ಟಿ ಕಾಯಬೇಕು. ಆರರ ವಯಸ್ಸಿಗೆ ಅದೇನು ಸುಲಭದ ಕೆಲಸವೇ?

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ನಾಡಿನ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ ಮೂರನೇ ತರಗತಿವರೆಗಿನ ಮಕ್ಕಳು ಗುಂಪಾಗಿ ಕೂರುತ್ತಾರೆ. ತಿಳಿದ ಮಗು ತಿಳಿಯದ ಮಗುವಿಗೆ ಹೇಳಿಕೊಡುತ್ತದೆ. ನಾಲ್ಕಕ್ಕೆ ಬಂದರೆ ಮತ್ತೆ ಬೆಂಚಿನ ಸಾಲು.

ಅಲ್ಲಿಂದ ಮುಂದೆ ಜೊತೆಗೂಡಿ ಕಲಿಯುವುದಕ್ಕೆ ಬೀಳುವ ಕೊರತೆಯನ್ನು ತುಂಬಬಲ್ಲ ಕಲೆ ಈ ಊರುಗಳಲ್ಲೇ ಇದೆ. ಯಕ್ಷಗಾನ ಕಲಿಸುವ ಶಾಲೆಗಳಲ್ಲಿ ಮಕ್ಕಳು ಮೊದಲು ಕಲಿಯುವುದು ಪಕ್ಕದವರ ಹೆಜ್ಜೆಗೆ ಹೆಜ್ಜೆ ಸೇರಿಸುವುದನ್ನು. ಬಣ್ಣ ಹಚ್ಚುವ ಚೌಕಿಯಲ್ಲಿ ಯಾರಿಗೂ ಒಬ್ಬರೇ ವೇಷ ಕಟ್ಟಿಕೊಳ್ಳಲಾಗದು. ಇನ್ನೊಬ್ಬರು ದಾರ ಬಿಗಿಯಬೇಕು, ಅಲ್ಲಿಯವರೆಗೆ ಅಲುಗಾಡದೆ ನಿಲ್ಲಬೇಕು. ರಂಗದಲ್ಲೇ ಮಾತು ಕಟ್ಟುವ ಅರ್ಥಗಾರಿಕೆಯಂತೂ ಎದುರು ವೇಷದ ಮಾತು ಕೇಳಿಸಿಕೊಳ್ಳದವರಿಗೆ ದಕ್ಕುವುದೇ ಇಲ್ಲ. ಆದರೆ ಮಕ್ಕಳ ಪ್ರದರ್ಶನಕ್ಕೆ ಸಾಮಾನ್ಯವಾಗಿ ಮಾತನ್ನೆಲ್ಲ ಬರೆದುಕೊಟ್ಟು ಬಾಯಿಪಾಠ ಮಾಡಿಸಲಾಗುತ್ತದೆ. ಒಂದು ಸಂವಾದವನ್ನಾದರೂ ಅವರ ಪಾಲಿಗೇ ಬಿಡಬಾರದೇಕೆ? ಮನೆಯಲ್ಲಿ ತುಳು ಆಡುವ ಹುಡುಗಿ ತಡವರಿಸುತ್ತಲೇ ಕನ್ನಡದಲ್ಲಿ ಮರುಮಾತು ಹುಡುಕಲಿ. ಸಭೆ ನಕ್ಕರೆ ನಗಲಿ.

ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯ ಲೆಕ್ಕ ಬೇರೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮೇಲೇರುವ ಆ ಏಣಿ ಹಳ್ಳಿ ಮಕ್ಕಳಿಗೆ ವೇದಿಕೆ ಕೊಟ್ಟದ್ದು ನಿಜ. ಆದರೆ ಛದ್ಮವೇಷ, ಕಂಠಪಾಠದಂಥ ಸ್ಪರ್ಧೆಗಳಲ್ಲಿ ಮಗು ಒಂಟಿ. ಹಿಂದೆ ನಿಂತು ಬೆವರುವವರು ತಾಯ್ತಂದೆ. ಗೆದ್ದವರು ಮುಂದಿನ ಹಂತಕ್ಕೆ, ಉಳಿದವರು ಮನೆಗೆ. ಬೆರೆತು ಬಾಳುವುದಕ್ಕೆ ಅಲ್ಲಿ ಜಾಗ ಕಡಿಮೆ.

2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಅದರ ಸಡಗರ ದೊಡ್ಡದು. ಆದರೆ ಪ್ರಾಥಮಿಕ ಶಾಲೆಗೆ ಬೇಕಾದದ್ದು ಅದೇ ಸಂಸ್ಥೆಯ, ಚಿಕ್ಕ ಮಕ್ಕಳಿಗಾಗಿ ಸದ್ದಿಲ್ಲದೆ ನಡೆಯುವ ಕಬ್, ಬುಲ್‌ಬುಲ್ ದಳಗಳು. ಆರಾರು ಮಕ್ಕಳ ಗುಂಪು, ಗುಂಪಿಗೊಬ್ಬ ಪುಟ್ಟ ನಾಯಕ. ಜಗಳವಾದರೆ ಮೊದಲು ಅವರೇ ಬಗೆಹರಿಸಿಕೊಳ್ಳಬೇಕು.

ಇದಕ್ಕೆಲ್ಲ ಹೊತ್ತೆಲ್ಲಿದೆ ಎನ್ನುವ ಶಿಕ್ಷಕರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯಲ್ಲಿ ಬಿಸಿಯೂಟದ ಲೆಕ್ಕ ಬರೆಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಹಾಗಿದ್ದರೂ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಎಂಬುದೊಂದು ಇದೆ. ಉಳಿದ ಪಾಠ ಮುಗಿಸಲು ಅದನ್ನು ಕಬಳಿಸದಿದ್ದರೆ ಸಾಕು. ಊರಿನ ಭಾಗವತರನ್ನೋ ಚೆನ್ನೆಮಣೆ ಬಲ್ಲ ಅಜ್ಜಿಯನ್ನೋ ಅಂದು ಶಾಲೆಗೆ ಕರೆಸಬಹುದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮನಸ್ಸು ಮಾಡಿದರೆ ಇದಕ್ಕೆ ಹೊಸ ಅನುದಾನವೂ ಬೇಕಿಲ್ಲ.